ಆಟಕ್ಕೂ ನೋಟಕ್ಕೂ ನಡುವೆ: ದೂರದರ್ಶನದಲ್ಲಿ ಕ್ರೀಡೆ ನೋಡುವವರ ಕಿರಿಕಿರಿಗಳನ್ನು ಕುರಿತ ಒಂದು ಚಾರಿತ್ರಿಕ ವಿವೇಚನೆ

ದೂರದರ್ಶನದ ಮುಂದೆ ಕುಳಿತು ಪಂದ್ಯ ನೋಡುವವನ ಬೇಸರವು ಚರಿತ್ರೆಯ ವಿಷಯವಾಗಬಲ್ಲುದೆ ಎಂದು ಈ ಸಂಚಿಕೆಯ ವಾಚಕರು ಕೇಳುವುದು ಸಹಜವಾಗಿದೆ. ಶಾಸನ, ನಾಣ್ಯ, ಕಡತಗಳ ನಡುವೆ ಇದಕ್ಕೆ ಸ್ಥಾನವೆಲ್ಲಿ? ನಮ್ಮ ಉತ್ತರ ಇಷ್ಟೆ. ಕೆಳದಿಯ ಶಿವಪ್ಪನಾಯಕನ ಶಿಸ್ತನ್ನು ಅಭ್ಯಸಿಸುವಾಗ ನಾವು ಗದ್ದೆಗೂ ಅರಮನೆಗೂ ನಡುವೆ ಯಾರು ನಿಂತಿದ್ದರು, ಯಾರಿಗೆ ಎಷ್ಟು ಸಂದಿತು ಎಂದು ವಿಚಾರಿಸುತ್ತೇವೆ. ಅದೇ ವಿಚಾರಣೆಯನ್ನು ಆಟದ ಬಯಲಿಗೂ ನೋಡುವ ಮನೆಗೂ ನಡುವಣ ದಾರಿಗೆ ಅನ್ವಯಿಸಿದರೆ, ದಿನನಿತ್ಯದ ಕಿರಿಕಿರಿಗಳೆಂದು ತೋರುವ ಸಂಗತಿಗಳಿಗೆ ತಾರೀಖು, ಕಾರಣ, ಒಮ್ಮೊಮ್ಮೆ ನ್ಯಾಯಾಲಯದ ತೀರ್ಪು ಸಹ ಇರುವುದು ಕಂಡುಬರುತ್ತದೆ.

ಈ ವಿಚಾರಕ್ಕೆ ನಮ್ಮನ್ನು ಹಚ್ಚಿದುದು ಶಿವಮೊಗ್ಗದ ವಿನೋಬನಗರದ ಒಂದು ರಾತ್ರಿ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಐಪಿಎಲ್ ಪಂದ್ಯಾವಳಿಯ ಅಂತಿಮ ಪಂದ್ಯ ನಡೆಯುತ್ತಿತ್ತು. ಹದಿನೆಂಟನೆಯ ಆವೃತ್ತಿಯಲ್ಲಿ ಬೆಂಗಳೂರಿನ ತಂಡ ಮೊದಲ ಸಲ ಪ್ರಶಸ್ತಿಯ ಹೊಸ್ತಿಲಲ್ಲಿ ನಿಂತಿತ್ತು. ಕೊನೆಯ ಓವರಿನಲ್ಲಿ ಎದುರಾಳಿಯಾದ ಪಂಜಾಬಿನ ತಂಡಕ್ಕೆ 29 ರನ್ನು ಬೇಕಾಗಿದ್ದಿತು. ನಾವು ಕುಳಿತಿದ್ದ ಮನೆಗೆ ಪಂದ್ಯ ಬರುತ್ತಿದ್ದುದು ಅಂತರಜಾಲದ ಮೂಲಕ. ನಮ್ಮ ತೆರೆಯಲ್ಲಿ ಬೌಲರು ಇನ್ನೂ ಓಡಲಾರಂಭಿಸಿರಲಿಲ್ಲ. ಎದುರು ಮನೆಯಿಂದ ಕೂಗು ಎದ್ದಿತು. ಸ್ವಲ್ಪ ಹೊತ್ತಿಗೆ ಹಿಂದಿನ ಬೀದಿಯಿಂದ ಇನ್ನೊಂದು ಕೂಗು. ಆಮೇಲೆ ನಮ್ಮ ತೆರೆಯಲ್ಲಿ ಎಸೆತ ಬಿದ್ದು ರನ್ನು ಬಾರದೆ ಹೋಯಿತು. ಮನೆಯ ಮಕ್ಕಳು ಕೂಗಲಿಲ್ಲ. ಅವರಿಗೆ ಆಗಲೇ ಗೊತ್ತಾಗಿತ್ತು. ನೂರಡಿ ರಸ್ತೆಯ ಕಡೆಯಿಂದ ಪಟಾಕಿಯ ಸದ್ದು ಬಂದ ಮೇಲೂ ನಮ್ಮಲ್ಲಿ ಆಟ ಮುಗಿದಿರಲಿಲ್ಲ. ಬೆಂಗಳೂರು 6 ರನ್ನುಗಳಿಂದ ಗೆದ್ದಿತು. ಒಂದೇ ಬೀದಿಯ ಸಂತೋಷ ಮೂರು ನಾಲ್ಕು ಕಂತುಗಳಲ್ಲಿ ಸಂದಾಯವಾಯಿತು.

ಮನೆಯ ಯಜಮಾನರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರು. ಅವರು ನಮ್ಮ ಕಡೆಗೆ ತಿರುಗಿ, “ರೇಡಿಯೋ ಕಾಲ್ದಲ್ಲಿ ಇಡೀ ಕೇರಿ ಒಟ್ಟಿಗೇ ಕೂಗ್ತಿತ್ತು ಮೇಷ್ಟ್ರೇ. ಈಗ ನೋಡಿ, ಗೆದ್ದಿದ್ದೂ ಹಳಸಲು ಸುದ್ದಿ” ಎಂದರು. ಹಿಂದಿನದೆಲ್ಲ ಚೆನ್ನವೆಂಬ ಹಿರಿಯರ ಮಾತನ್ನು ಚರಿತ್ರಕಾರನು ಪರೀಕ್ಷಿಸದೆ ಒಪ್ಪತಕ್ಕುದಲ್ಲ. ಈ ಲೇಖನ ಆ ಪರೀಕ್ಷೆಯೇ ಆಗಿದೆ.

1. ಕೇಳಿದ ಆಟ

ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದುದು 1965ರಲ್ಲಿ. ಅದೇ ಭದ್ರಾವತಿಯಲ್ಲಿ 1949ರ ಫೆಬ್ರವರಿ 12ರಂದು ಹುಟ್ಟಿದ ಗುಂಡಪ್ಪ ವಿಶ್ವನಾಥ್ 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ತಮ್ಮ ಮೊದಲ ಟೆಸ್ಟ್ ಪಂದ್ಯವಾಡಿದರು. ಮೊದಲ ಸರದಿಯಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಆಗ ಭಾರತದಲ್ಲಿ ದೂರದರ್ಶನವಿದ್ದುದು ದೆಹಲಿಯೊಂದರಲ್ಲಿಯೇ. ತಮ್ಮೂರಿನಲ್ಲಿ ಹುಟ್ಟಿದ ಹುಡುಗನ ಸೊನ್ನೆಯನ್ನೂ ಶತಕವನ್ನೂ ಭದ್ರಾವತಿಯ ಜನ ಬಾನುಲಿಯಲ್ಲಿ ಕೇಳಿದರಲ್ಲದೆ ನೋಡಲಿಲ್ಲ.

ಅವರ ಆಟಗಳಲ್ಲಿ ಅತಿ ಹೆಚ್ಚು ಹೊಗಳಿಕೆಗೆ ಪಾತ್ರವಾದುದು 1975ರ ಜನವರಿಯಲ್ಲಿ ಮದರಾಸಿನ ಚೆಪಾಕಿನಲ್ಲಿ ವೆಸ್ಟ್ ಇಂಡೀಸಿನ ವಿರುದ್ಧ ಆಡಿದುದು. ಆಂಡಿ ರಾಬರ್ಟ್ಸ್ ಏಳು ವಿಕೆಟ್ಟುಗಳನ್ನು ಕಿತ್ತ ಆ ಸರದಿಯಲ್ಲಿ ಭಾರತದ ಒಟ್ಟು ಮೊತ್ತ 190. ಅದರಲ್ಲಿ ವಿಶ್ವನಾಥರದು ಔಟಾಗದೆ 97. ಮದರಾಸಿನ ದೂರದರ್ಶನ ಕೇಂದ್ರ ಆರಂಭವಾದುದು ಅದೇ ವರ್ಷದ ಆಗಸ್ಟ್ 15ರಂದು. ಏಳು ತಿಂಗಳುಗಳ ಅಂತರದಿಂದ ಆ ಆಟ ತೆರೆಯ ಚರಿತ್ರೆಯಿಂದ ಹೊರಗುಳಿಯಿತು. ಇಂದು ಅದಕ್ಕಿರುವ ಸಾಕ್ಷ್ಯವೆಂದರೆ ಅಂಕಪಟ್ಟಿ, ಪತ್ರಿಕೆಗಳ ವರದಿ, ಛಾಯಾಚಿತ್ರ, ಮತ್ತು ಕಂಡವರ ಹಾಗೂ ಕೇಳಿದವರ ನೆನಪು.

ಬಾನುಲಿಗೂ ಉಪದ್ರವಗಳಿದ್ದವು. ಗೊರಗೊರ ಸದ್ದು, ಇಳಿದುಹೋಗುವ ಬ್ಯಾಟರಿ, ರಾತ್ರಿಯಾದೊಡನೆ ದೂರದ ಕೇಂದ್ರಗಳು ಒಂದರ ಮೇಲೊಂದು ಏರಿ ಬರುವುದು, ವಾರ್ತೆಯ ವೇಳೆಗೆ ವಿವರಣೆ ನಿಲ್ಲುವುದು. ಪೆಟ್ಟಿಗೆಯನ್ನಿಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಪರವಾನಗಿಯ ಹಣ ಕಟ್ಟಬೇಕಾಗಿದ್ದಿತು. ಆದರೆ ಬಾನುಲಿಯ ಒಂದು ಗುಣವನ್ನು ಅಂದು ಯಾರೂ ಗುಣವೆಂದು ಗಮನಿಸಿರಲಿಲ್ಲ. ಅಲೆಯು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದ್ದುದರಿಂದಲೂ, ಪೆಟ್ಟಿಗೆಯೊಳಗೆ ಅದನ್ನು ತಡೆದಿಟ್ಟುಕೊಳ್ಳುವ ಯಂತ್ರಭಾಗವಿರಲಿಲ್ಲವಾದುದರಿಂದಲೂ, ಶ್ರೀಮಂತರ ಮನೆಯ ದೊಡ್ಡ ಪೆಟ್ಟಿಗೆಗೂ ಕ್ಷೌರದಂಗಡಿಯ ಟ್ರಾನ್ಸಿಸ್ಟರಿಗೂ ಸುದ್ದಿ ಒಂದೇ ಕ್ಷಣದಲ್ಲಿ ಮುಟ್ಟುತ್ತಿತ್ತು. ಯಜಮಾನರ ಮಾತಿನ ಮೊದಲ ಭಾಗ ಭೌತಶಾಸ್ತ್ರಕ್ಕೆ ಸಮ್ಮತವಾದುದೇ ಆಗಿದೆ.

2. ತೆರೆ ಬಂದ ಮೇಲೆ

ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಪ್ರಯೋಗವಾಗಿ ಆರಂಭವಾದ ದೂರದರ್ಶನ ಕರ್ನಾಟಕದ ಹಳ್ಳಿಗಳಿಗೆ ಮೊದಲು ಬಂದುದು 1975–76ರಲ್ಲಿ, ಉಪಗ್ರಹದ ಮೂಲಕ ಬೋಧನೆ ಮಾಡುವ ಯೋಜನೆಯ ಅಂಗವಾಗಿ, ಗುಲ್ಬರ್ಗದ ಕಡೆಯ ಹಳ್ಳಿಗಳಿಗೆ. ಬೆಂಗಳೂರು ಕೇಂದ್ರ ಆರಂಭವಾದುದು 1981ರ ನವೆಂಬರ್ 1ರಂದು. ದೂರದರ್ಶನದ ಅಲೆ ನೇರವಾಗಿ ಸಾಗುವಂಥದು. ಭೂಮಿಯ ಬಾಗಿನ ಆಚೆಗೆ ಅದು ಇಳಿಯದು. ಗೋಪುರದಿಂದ ಸುಮಾರು ನೂರು ಕಿಲೋಮೀಟರಿನಾಚೆ ಚಿತ್ರ ಸಿಕ್ಕುವುದು ಅಪರೂಪ. ಅದಕ್ಕಿಂತ ಎರಡು ಪಟ್ಟಿಗೂ ಮಿಕ್ಕು ದೂರದಲ್ಲಿರುವ ಶಿವಮೊಗ್ಗಕ್ಕೆ ಬೆಂಗಳೂರಿನ ಗೋಪುರದಿಂದ ಪ್ರಯೋಜನವಿರಲಿಲ್ಲ.

1982ರ ನವೆಂಬರ್–ಡಿಸೆಂಬರ್ ತಿಂಗಳುಗಳಲ್ಲಿ ದೆಹಲಿಯಲ್ಲಿ ನಡೆದ ಏಷ್ಯನ್ ಕ್ರೀಡಾಕೂಟವನ್ನು ದೇಶ ಬಣ್ಣದಲ್ಲಿ ನೋಡಿತು. ಹಾಕಿಯ ಅಂತಿಮ ಪಂದ್ಯದಲ್ಲಿ ಭಾರತ ಪಾಕಿಸ್ತಾನಕ್ಕೆ 1–7ರಿಂದ ಸೋತುದನ್ನೂ ಬಣ್ಣದಲ್ಲಿಯೇ ನೋಡಬೇಕಾಯಿತು. ಮುಂದಿನ ವರ್ಷ ಇಂಗ್ಲೆಂಡಿನಲ್ಲಿ ವಿಶ್ವಕಪ್ ಕ್ರಿಕೆಟ್ ನಡೆಯಿತು. 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸಿನಲ್ಲಿ ಜಿಂಬಾಬ್ವೆಯ ವಿರುದ್ಧ ಭಾರತ 17 ರನ್ನಿಗೆ 5 ವಿಕೆಟ್ಟುಗಳನ್ನು ಕಳೆದುಕೊಂಡಾಗ ಕಪಿಲ್ ದೇವ್ ಔಟಾಗದೆ 175 ರನ್ನು ಹೊಡೆದರು. ಕರ್ನಾಟಕದ ಸೈಯದ್ ಕಿರ್ಮಾನಿ ಅವರೊಡನೆ ಮುರಿಯದ ಒಂಬತ್ತನೆಯ ವಿಕೆಟ್ಟಿಗೆ 126 ರನ್ನು ಸೇರಿತು. ಆ ದಿನ ಆ ಮೈದಾನದಲ್ಲಿ ದೂರದರ್ಶನದ ಕ್ಯಾಮರಾ ಇರಲಿಲ್ಲ. ಜೂನ್ 25ರ ಅಂತಿಮ ಪಂದ್ಯದ ಚಿತ್ರಗಳನ್ನು ಮತ್ತೆ ಮತ್ತೆ ನೋಡಿದ ತಲೆಮಾರು, ಆ ಪಂದ್ಯಕ್ಕೆ ದಾರಿ ಮಾಡಿಕೊಟ್ಟ ಆಟವನ್ನು ಒಮ್ಮೆಯೂ ನೋಡಲಾರದು. ಯಾವುದು ಚರಿತ್ರೆಯಾಗುವುದೆಂದು ಮೊದಲೇ ತಿಳಿಯದೆ ಕ್ಯಾಮರಾ ಇಡುವವರು ಇಂದಿಗೂ ಇದೇ ಪಾಡಿನವರು. ರಣಜಿ ಪಂದ್ಯಗಳು ನಮ್ಮ ನವುಲೆಯ ಮೈದಾನದಲ್ಲಿಯೂ ನಡೆದಿವೆ. ಆದರೆ ಆ ಪಂದ್ಯಾವಳಿಯ ಬಹುಪಾಲು ಆಟ ತೆರೆಗೆ ಬರುವುದಿಲ್ಲ.

ನೋಡಲು ಸಿಕ್ಕಿದ ಆಟವೂ ಪೂರ್ತಿ ಸಿಕ್ಕುತ್ತಿರಲಿಲ್ಲ. ಹಿಂದೆ ಕ್ರಿಕೆಟ್ಟಿನ ಮುಖ್ಯ ಕ್ಯಾಮರಾವನ್ನು ಮೈದಾನದ ಒಂದು ತುದಿಯಲ್ಲಿ ಮಾತ್ರ ಇಡುವುದು ರೂಢಿಯಾಗಿತ್ತು. ಓವರು ಮುಗಿದು ತುದಿ ಬದಲಾದೊಡನೆ ನೋಡುವವನಿಗೆ ದಾಂಡಿಗನ ಬೆನ್ನು ಮಾತ್ರ ಕಾಣುತ್ತಿತ್ತು. ಚೆಂಡು ಎತ್ತ ತಿರುಗಿತೆಂಬುದನ್ನು ಊಹಿಸಿಕೊಳ್ಳಬೇಕಾಗಿದ್ದಿತು. 1977ರಲ್ಲಿ ಆಸ್ಟ್ರೇಲಿಯದ ಕೆರಿ ಪ್ಯಾಕರ್ ತನ್ನದೇ ಕ್ರಿಕೆಟ್ ಸರಣಿಯನ್ನು ಹೂಡಿದಾಗ ಎರಡೂ ತುದಿಗಳಲ್ಲಿ ಕ್ಯಾಮರಾ ಇರಿಸಿದ. ಆ ಪದ್ಧತಿ ಇತರ ದೇಶಗಳಲ್ಲಿ ಬೇರೂರಲು ಕಾಲ ಹಿಡಿಯಿತು. ತೆರೆಯ ಅನುಕೂಲಕ್ಕಾಗಿ ಆಟವೇ ಬದಲಾದ ನಿದರ್ಶನಗಳೂ ಉಂಟು. ಬಣ್ಣದ ತೆರೆಯಲ್ಲಿ ಬಿಳಿಯ ಚೆಂಡು ಸರಿಯಾಗಿ ಕಾಣದೆಂದು ಟೆನಿಸ್ಸಿನಲ್ಲಿ 1972ರಲ್ಲಿ ಹಳದಿಯ ಚೆಂಡಿಗೆ ಅನುಮತಿ ದೊರೆಯಿತು. ವಿಂಬಲ್ಡನ್ ಅದನ್ನು ಒಪ್ಪಿದುದು 1986ರಲ್ಲಿ.

ಇನ್ನು ವಾರ್ತೆ. ಸರ್ಕಾರದ ಒಂದೇ ವಾಹಿನಿಯಿದ್ದ ಕಾಲದಲ್ಲಿ ವಾರ್ತೆಯ ವೇಳೆ ಬಂದರೆ ಪಂದ್ಯ ಯಾವ ಘಟ್ಟದಲ್ಲಿದ್ದರೂ ಕಡಿದುಹೋಗುತ್ತಿತ್ತು. ಹಿರಿಯರು ಇಂದಿಗೂ ಮರೆಯದ ಕಿರಿಕಿರಿ ಇದು. ಆದರೆ ಒಂದು ಭೇದವನ್ನು ಇಲ್ಲಿಯೇ ಗುರುತಿಸಿಕೊಳ್ಳಬೇಕು. ಪಂದ್ಯ ಕಡಿದಾಗ ಎಲ್ಲರಿಗೂ ಕಡಿಯುತ್ತಿತ್ತು. ಮರಳಿ ಬಂದಾಗ ಎಲ್ಲರಿಗೂ ಬರುತ್ತಿತ್ತು. ಆ ಕಾಲದಲ್ಲಿ ಬೇಸರವೂ ಸಾರ್ವಜನಿಕವಾಗಿತ್ತು.

3. ಅಲೆಗಳ ಒಡೆತನ

ಸರ್ಕಾರದ ಈ ಏಕಸ್ವಾಮ್ಯದ ಬೇರು 1885ರ ತಂತಿ ಕಾಯಿದೆಯಲ್ಲಿತ್ತು. ಅದು ಅಲುಗಿದುದು ಕ್ರಿಕೆಟ್ಟಿನಿಂದ. 1993ರ ನವೆಂಬರಿನಲ್ಲಿ ಬಂಗಾಳದ ಕ್ರಿಕೆಟ್ ಸಂಸ್ಥೆ ನಡೆಸಿದ ಹೀರೋ ಕಪ್ ಪಂದ್ಯಾವಳಿಯ ಪ್ರಸಾರವನ್ನು ವಿದೇಶೀ ಸಂಸ್ಥೆಯೊಂದಕ್ಕೆ ಕೊಟ್ಟಾಗ ಸರ್ಕಾರ ತಕರಾರು ಮಾಡಿತು. ಮೊಕದ್ದಮೆ ಕಲ್ಕತ್ತೆಯಿಂದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ನ್ಯಾಯಾಲಯದ ಮಧ್ಯಂತರ ಆಜ್ಞೆಯ ನೆರಳಿನಲ್ಲಿಯೇ ಪಂದ್ಯಾವಳಿ ನಡೆಯಿತು. ನವೆಂಬರ್ 27ರ ಅಂತಿಮ ಪಂದ್ಯದಲ್ಲಿ ನಮ್ಮ ಅನಿಲ್ ಕುಂಬ್ಳೆ 12 ರನ್ನಿಗೆ 6 ವಿಕೆಟ್ಟು ಪಡೆದುದನ್ನು ಎಲ್ಲರೂ ನೆನೆಯುತ್ತಾರೆ. ಆ ಚಿತ್ರದ ಹಿಂದೆ ಮೊಕದ್ದಮೆಯೊಂದು ಇದ್ದಿತೆಂಬುದನ್ನು ನೆನೆಯುವವರು ವಿರಳ.

1995ರ ಫೆಬ್ರವರಿ 9ರಂದು ಸರ್ವೋಚ್ಚ ನ್ಯಾಯಾಲಯ ತನ್ನ ತೀರ್ಪನ್ನಿತ್ತಿತು. ಪ್ರಸಾರದ ಅಲೆಗಳು ಸಾರ್ವಜನಿಕ ಸ್ವತ್ತು. ಅವು ಸರ್ಕಾರದ ಸೊತ್ತಲ್ಲ, ಖಾಸಗಿಯವರ ಸೊತ್ತೂ ಅಲ್ಲ. ನೋಡುವ, ಕೇಳುವ ಜನರ ಹಿತಕ್ಕಾಗಿ ಅವನ್ನು ಬಳಸತಕ್ಕದ್ದು ಎಂಬುದು ಅದರ ತಾತ್ಪರ್ಯ. ವಿನೋಬನಗರದಲ್ಲಿ ಕುಳಿತು ಇದನ್ನು ಓದುವಾಗ ಒಂದು ಯೋಚನೆ ಬಾರದಿರದು. ಯಾರ ಹೆಸರನ್ನು ಈ ಬಡಾವಣೆ ಹೊತ್ತಿದೆಯೋ ಆ ವಿನೋಬಾ ಭಾವೆಯವರು 1951ರಲ್ಲಿ ಭೂದಾನಕ್ಕೆ ಹೊರಟಾಗ, ಗಾಳಿ ನೀರುಗಳಂತೆ ಭೂಮಿಯೂ ಎಲ್ಲರದಾಗಬೇಕೆಂದು ಸಾರಿದರು. ಗಾಳಿ ಎಲ್ಲರದೆಂಬುದು ಅವರಿಗೆ ಪ್ರಶ್ನಾತೀತವಾಗಿತ್ತು. ನಾಲ್ವತ್ತನಾಲ್ಕು ವರ್ಷಗಳ ಮೇಲೆ ಅಲೆಗಳು ಎಲ್ಲರವೆಂದು ನ್ಯಾಯಾಲಯ ಹೇಳಬೇಕಾಗಿ ಬಂದಿತು.

ತೀರ್ಪಿನ ಫಲ ಎರಡು ಬಗೆಯಾಯಿತು. ಖಾಸಗಿ ವಾಹಿನಿಗಳು ಬಂದುದರಿಂದ ಚಿತ್ರ ಸ್ಫುಟವಾಯಿತು, ಕ್ಯಾಮರಾಗಳು ಹೆಚ್ಚಿದವು, ವಾರ್ತೆಯ ಕಾಟ ತಪ್ಪಿತು. ಕ್ರಮೇಣ ಕನ್ನಡದಲ್ಲಿಯೂ ವೀಕ್ಷಕ ವಿವರಣೆ ಕೇಳಿಸಿತು. ಇವು ಸಣ್ಣ ಲಾಭಗಳಲ್ಲ. ಆದರೆ ಪಂದ್ಯವನ್ನು ತೋರಿಸುವ ಹಕ್ಕು ಹರಾಜಿನ ವಸ್ತುವಾಯಿತು. ಕೊಂಡವನು ಇತರರಿಗೆ ಅದನ್ನು ಏಕೆ ಬಿಟ್ಟುಕೊಡಬೇಕು? 2007ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ತಂಡ ಭಾರತಕ್ಕೆ ಬಂದಾಗ, ಹಕ್ಕು ಪಡೆದವರಿಗೂ ಪ್ರಸಾರ ಭಾರತಿಗೂ ವ್ಯಾಜ್ಯ ಹತ್ತಿತು. ದೆಹಲಿಯ ಉಚ್ಚ ನ್ಯಾಯಾಲಯ ಒಂದು ನಡುದಾರಿ ಹುಡುಕಿತು: ಏಳು ನಿಮಿಷ ತಡಮಾಡಿ ದೂರದರ್ಶನ ಪಂದ್ಯವನ್ನು ತೋರಿಸಬಹುದು. ನ್ಯಾಯಾಲಯದ ಆಜ್ಞೆಯಿಂದ ಉಂಟಾದ ಈ ತಡ ಗಮನಾರ್ಹವಾದುದು. ಹಣ ಕೊಟ್ಟವನಿಗೆ ಈ ಕ್ಷಣ, ಕೊಡದವನಿಗೆ ಏಳು ನಿಮಿಷದ ಮೇಲಿನ ಕ್ಷಣ ಎಂದು ಕಾಲವನ್ನೇ ದರ್ಜೆಗಳಾಗಿ ವಿಂಗಡಿಸಿದುದು ಪ್ರಾಯಶಃ ನಮ್ಮಲ್ಲಿ ಅದೇ ಮೊದಲು.

ಆ ವ್ಯಾಜ್ಯದಿಂದ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯೂ, ಅನಂತರ 2007ರ ಕ್ರೀಡಾಪ್ರಸಾರ ಸಂಜ್ಞೆಗಳ ಕಾಯಿದೆಯೂ ಹುಟ್ಟಿದವು. ರಾಷ್ಟ್ರೀಯ ಮಹತ್ತ್ವದ ಕ್ರೀಡೆಗಳ ನೇರ ಚಿತ್ರವನ್ನು ಹಕ್ಕುದಾರರು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕು. ಅದರಿಂದ ಬರುವ ಜಾಹೀರಾತಿನ ಆದಾಯದಲ್ಲಿ ದೂರದರ್ಶನದ ಮಟ್ಟಿಗೆ ನೂರಕ್ಕೆ 75 ಪಾಲು ಹಕ್ಕುದಾರರಿಗೆ, 25 ಪಾಲು ಪ್ರಸಾರ ಭಾರತಿಗೆ. ಅತಿ ಹೆಚ್ಚಿನ ಸಂಖ್ಯೆಯ ಜನರಿಗೆ ಶುಲ್ಕವಿಲ್ಲದೆ ನೋಡಲು ಅವಕಾಶ ಮಾಡಿಕೊಡುವುದೇ ಈ ಕಾಯಿದೆಯ ಘೋಷಿತ ಉದ್ದೇಶ.

ಹೀಗಿರುವಾಗ ವಿನೋಬನಗರದ ಒಂದು ಮನೆಯಲ್ಲಿ ದೂರದರ್ಶನ ವಾಹಿನಿಯನ್ನು ಹಾಕಿದರೆ ಪಂದ್ಯ ಕಾಣುತ್ತದೆ, ಪಕ್ಕದ ಮನೆಯಲ್ಲಿ ಅದೇ ವಾಹಿನಿಯನ್ನು ಹಾಕಿದರೆ ಬೇರೆ ಕಾರ್ಯಕ್ರಮ ಕಾಣುತ್ತದೆ. ಇದನ್ನು ಅನೇಕರು ಕೇಬಲ್ಲಿನವರ ತಪ್ಪೆಂದು ಬಗೆಯುತ್ತಾರೆ. ಕಾರಣ ಬೇರೆ ಇದೆ. ಪ್ರಸಾರ ಭಾರತಿಯು ತನ್ನ ಸ್ವಂತ ಗೋಪುರಗಳ ಮೂಲಕವೂ, 2004ರಲ್ಲಿ ಆರಂಭಿಸಿದ ಶುಲ್ಕರಹಿತ ಡಿಶ್ ಸೇವೆಯ ಮೂಲಕವೂ ಮಾತ್ರ ಈ ಚಿತ್ರವನ್ನು ತೋರಿಸಬಹುದು ಎಂಬುದು 2007ರ ಕಾಯಿದೆಯ ಮಾತು. ಆದರೆ 1995ರ ಕೇಬಲ್ ಕಾಯಿದೆಯಂತೆ ಎಲ್ಲ ಕೇಬಲ್ಲಿನವರೂ ದೂರದರ್ಶನದ ವಾಹಿನಿಗಳನ್ನು ಕಡ್ಡಾಯವಾಗಿ ಕೊಡಬೇಕು. ಈ ಎರಡು ಕಾಯಿದೆಗಳ ನಡುವಣ ಸಂದಿನಿಂದ ಪಂದ್ಯಗಳು ಕೆಲವು ಕಾಲ ಕೇಬಲ್ ಮನೆಗಳಿಗೂ ಹರಿದವು. ಹಕ್ಕುದಾರರು ಆಕ್ಷೇಪಿಸಿದರು. 2017ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯ ಅವರ ವಾದವನ್ನು ಎತ್ತಿಹಿಡಿಯಿತು. ಅಂದಿನಿಂದ ಮಾಳಿಗೆಯ ಮೇಲೆ ಉಚಿತ ಡಿಶ್ ಇರಿಸಿದವನಿಗೆ ಪಂದ್ಯ ಉಂಟು; ತಿಂಗಳು ತಿಂಗಳೂ ಹಣ ಕಟ್ಟಿ ಕೇಬಲ್ ಪಡೆದವನಿಗೆ, ಕ್ರೀಡಾವಾಹಿನಿಗೆ ಬೇರೆ ಹಣ ಕೊಡದಿದ್ದರೆ, ಪಂದ್ಯವಿಲ್ಲ. ಕಾಯಿದೆಯ ಅಕ್ಷರಕ್ಕೆ ತೀರ್ಪು ಸರಿಯಾಗಿದೆ. ಅದರ ಘೋಷಿತ ಉದ್ದೇಶ ಎಷ್ಟರಮಟ್ಟಿಗೆ ಈಡೇರಿತು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

4. ಓವರುಗಳ ನಡುವಣ ಸಂದು

ಜಾಹೀರಾತಿನ ಕಾಟವನ್ನು ಎಲ್ಲರೂ ಬಲ್ಲರು. ವಿಕೆಟ್ಟು ಬಿದ್ದೊಡನೆ ಸಾಬೂನು. ಓವರಿನ ಕೊನೆಯ ಚೆಂಡು ಗೆರೆ ಮುಟ್ಟಿತೇ ಇಲ್ಲವೇ ಎಂದು ತಿಳಿಯುವ ಮೊದಲೇ ಸಿಮೆಂಟು. ಮರಳುವಾಗ ಬೌಲರು ಅರ್ಧ ದಾರಿ ಓಡಿ ಬಂದಿರುತ್ತಾನೆ. ಇದಕ್ಕೆ ಲೋಭವೆಂಬ ಒಂದೇ ಮಾತನ್ನು ಕಾರಣವಾಗಿ ಹೇಳಿ ಮುಗಿಸಿದರೆ ವಿವರಣೆಯಾಗದು. ಲೆಕ್ಕ ನೋಡೋಣ.

2022ರ ಜೂನಿನಲ್ಲಿ ನಡೆದ ಹರಾಜಿನಲ್ಲಿ, 2023ರಿಂದ 2027ರವರೆಗಿನ ಐದು ವರ್ಷಗಳ ಐಪಿಎಲ್ ಪಂದ್ಯಗಳನ್ನು ಭಾರತ ಉಪಖಂಡದಲ್ಲಿ ತೋರಿಸುವ ದೂರದರ್ಶನದ ಹಕ್ಕು 23,575 ಕೋಟಿ ರೂಪಾಯಿಗೂ, ಅಂತರಜಾಲದ ಮುಖ್ಯ ಹಕ್ಕು 20,500 ಕೋಟಿ ರೂಪಾಯಿಗೂ ಮಾರಾಟವಾದವು. ಲೆಕ್ಕಕ್ಕೆ ಹಿಡಿದ ಪಂದ್ಯಗಳು 410. ಎಂದರೆ ಒಂದು ಪಂದ್ಯಕ್ಕೆ ಸುಮಾರು 107 ಕೋಟಿ. ಪಂದ್ಯವೊಂದರಲ್ಲಿ ಹೆಚ್ಚೆಂದರೆ 240 ಸಕ್ರಮ ಎಸೆತಗಳಿರುವುದರಿಂದ ಒಂದು ಎಸೆತಕ್ಕೆ ಸುಮಾರು 45 ಲಕ್ಷ ರೂಪಾಯಿ. ಇಷ್ಟನ್ನು ಕೊಟ್ಟು ಕೊಂಡವನು ಅದನ್ನು ಮರಳಿ ಪಡೆಯಬೇಕಾದುದು ಚಂದಾಹಣದಿಂದ ಮತ್ತು ಆಟದ ಸಂದುಗಳಿಂದ. ಕ್ರಿಕೆಟ್ಟಿನಷ್ಟು ಸಂದುಗಳು ಕಾಲ್ಚೆಂಡಿನಲ್ಲಾಗಲಿ ಹಾಕಿಯಲ್ಲಾಗಲಿ ಇಲ್ಲ. ನೂರು ಓವರುಗಳ ಏಕದಿನ ಪಂದ್ಯದಲ್ಲಿ ಓವರುಗಳ ನಡುವೆ 98 ಸಂದುಗಳು. ಒಂದೊಂದರಲ್ಲಿ ಅರ್ಧ ನಿಮಿಷದ ಜಾಹೀರಾತು ಬಂದರೂ 49 ನಿಮಿಷವಾಯಿತು. ಐಪಿಎಲ್ ಪಂದ್ಯದಲ್ಲಿ ಇವು ಸಾಲದೆಂಬಂತೆ ಎರಡೂವರೆ ನಿಮಿಷಗಳ ನಾಲ್ಕು ವಿರಾಮಗಳೂ ಉಂಟು. ತಂಡಗಳು ತಂತ್ರವನ್ನು ಆಲೋಚಿಸಲೆಂದು ಅವನ್ನು ಇಟ್ಟಿದೆ; ಆ ಹೊತ್ತಿನಲ್ಲಿ ನೋಡುವವನು ಆಲೋಚಿಸಲು ಒದಗುವುದು ಸಾಬೂನು ಮತ್ತು ಸಿಮೆಂಟು.

ಇದಕ್ಕೆ ಮಿತಿಯೇ ಇಲ್ಲವೆ? ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಕೂಡದೆಂದು ಕೇಬಲ್ ನಿಯಮಗಳಲ್ಲಿಯೇ ಇದೆ. 2012ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ನೇರ ಪ್ರಸಾರದ ಕ್ರೀಡೆಯಲ್ಲಿ ಆಟ ನಿಂತಾಗ ಮಾತ್ರ ಜಾಹೀರಾತು ಬರಬೇಕು, ಆಟ ನಡೆಯುತ್ತಿರುವಾಗ ತೆರೆಯ ಒಂದು ಭಾಗವನ್ನು ಜಾಹೀರಾತಿಗೆ ಕೊಡಕೂಡದು ಎಂದು ವಿಧಿಸಿತು. ಮುಂದಿನ ವರ್ಷವೇ ಆ ವಿಧಿಗಳನ್ನು ಕೈಬಿಟ್ಟು ಗಂಟೆಯ ಮಿತಿಯನ್ನು ಮಾತ್ರ ಉಳಿಸಿಕೊಂಡಿತು. ಇಂದು ತೆರೆಯ ಅಂಚಿನಿಂದ ಜಾಹೀರಾತು ನುಗ್ಗಿ ಬಂದು ಮೈದಾನವನ್ನು ಮೂಲೆಗೊತ್ತುವಾಗ, ಅದು ಒಂದು ವರ್ಷದ ಮಟ್ಟಿಗೆ ಕಾಗದದ ಮೇಲಾದರೂ ನಿಷಿದ್ಧವಾಗಿತ್ತೆಂಬುದನ್ನು ವಾಚಕರು ನೆನೆಯಬಹುದು.

5. ಮಳೆ ಮತ್ತು ವಿದ್ಯುತ್ತು

ಮಲೆನಾಡಿನ ನೋಡುಗನಿಗೆ ವಿಶೇಷವಾಗಿ ಒದಗುವ ಎರಡು ಕಿರಿಕಿರಿಗಳನ್ನು ಇಲ್ಲಿ ಹೇಳಬೇಕು. ಮೊದಲನೆಯದು ಮಳೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಆಗುಂಬೆ ಇರುವುದು ನಮ್ಮ ಜಿಲ್ಲೆಯಲ್ಲಿಯೇ. ಶಿವಮೊಗ್ಗ ನಗರಕ್ಕೆ ಅಷ್ಟು ಬಾರದಿದ್ದರೂ ಜಡಿಮಳೆಯ ಪರಿಚಯವುಂಟು. ಮನೆಯ ಮೇಲಿನ ಸಣ್ಣ ಡಿಶ್ ಹಿಡಿಯುವ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರು. ಅಲೆ ಮೋಟಾದಷ್ಟೂ ಮಳೆಯ ಹನಿಗಳು ಅದನ್ನು ಹೆಚ್ಚು ಹೀರುತ್ತವೆ, ಚೆದುರಿಸುತ್ತವೆ. ಕೇಬಲ್ ಕೇಂದ್ರಗಳಲ್ಲಿನ ದೊಡ್ಡ ಬೋಗುಣಿಗಳು ಸಾಮಾನ್ಯವಾಗಿ ಹಿಡಿಯುವುದು ಏಳೆಂಟು ಸೆಂಟಿಮೀಟರಿನ ಅಲೆಯನ್ನು. ಅದು ಮಳೆಗೆ ಅಷ್ಟು ಜಗ್ಗುವುದಿಲ್ಲ. ಇಂಗ್ಲೆಂಡಿನ ಜೂನ್ ತಿಂಗಳ ಪಂದ್ಯಗಳು ನಮ್ಮ ಮುಂಗಾರಿನೊಡನೆ ಕೂಡಿ ಬರುವುದರಿಂದ, ಅಲ್ಲಿ ಬಿಸಿಲಿದ್ದು ಆಟ ಸಾಗುತ್ತಿದ್ದರೂ ಇಲ್ಲಿ ಮಳೆಯಿಂದ ಆಟ ನಿಲ್ಲುವ ವಿಚಿತ್ರ ಸಂಭವಿಸುತ್ತದೆ.

ಎರಡನೆಯದು ವಿದ್ಯುತ್ತು. ಜೋಗದ ಜಲವಿದ್ಯುದಾಗಾರ 1948ರಲ್ಲಿ ಆರಂಭವಾಯಿತು; 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು; ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ನಾಡಿಗೆ ಬೆಳಕು ಕೊಟ್ಟ ಜಿಲ್ಲೆ ಇದು. ಅದಕ್ಕಾಗಿ ಊರು ಗದ್ದೆಗಳನ್ನು ಮುಳುಗಿಸಿಕೊಂಡವರೂ ಇಲ್ಲಿಯವರೇ. ಆದರೆ ವಿದ್ಯುತ್ತು ಹುಟ್ಟಿದ ಊರೆಂದು ತಂತಿ ಪಕ್ಷಪಾತ ಮಾಡದು. ಬೇಸಗೆಯಲ್ಲಿ ಜಲಾಶಯ ತಗ್ಗಿದಾಗ ಬೇಡಿಕೆ ಏರುತ್ತದೆ. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಮರ ಬಿದ್ದು ತಂತಿ ಹರಿಯುತ್ತದೆ. ಎರಡು ಕಾಲಗಳಲ್ಲಿಯೂ ಕೊನೆಯ ಓವರು ಕತ್ತಲೆಯಲ್ಲಿ ಕಳೆದುದುಂಟು.

6. ಚೂರಾದ ಕ್ಷಣ

ಈಗ ಮೊದಲಿನ ರಾತ್ರಿಗೆ ಮರಳೋಣ. ಕೂಗುಗಳು ಬೇರೆ ಬೇರೆ ಹೊತ್ತಿಗೆ ಎದ್ದುದೇಕೆ?

ಉಪಗ್ರಹವು ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ನಿಂತಿದೆ. ಚಿತ್ರ ಅಲ್ಲಿಗೆ ಹೋಗಿ ಬರಲು ಕಾಲು ಸೆಕೆಂಡು ಸಾಕು. ತಡದ ಹೆಚ್ಚಿನ ಪಾಲು ಆಕಾಶದಲ್ಲಿ ಆಗುವುದಿಲ್ಲ, ಯಂತ್ರಗಳೊಳಗೆ ಆಗುತ್ತದೆ. ಇಂದಿನ ಚಿತ್ರವನ್ನು ಅಂಕಿಗಳಾಗಿ ಮಾರ್ಪಡಿಸಿ, ಒತ್ತಿ ಚಿಕ್ಕದು ಮಾಡಿ, ಬೀಗಮುದ್ರೆ ಹಾಕಿ ಕಳಿಸಿ, ಮನೆಯ ಪೆಟ್ಟಿಗೆಯಲ್ಲಿ ಮತ್ತೆ ಬಿಡಿಸಬೇಕು. ಇದಕ್ಕೆ ಕೆಲವು ಸೆಕೆಂಡುಗಳು ಬೇಕು. ಡಿಶ್ಶಿಗೂ ಕೇಬಲ್ಲಿಗೂ ಈ ಹೊತ್ತು ಒಂದೇ ಆಗಿರುವುದಿಲ್ಲ. ಅಂತರಜಾಲದಲ್ಲಿ ಚಿತ್ರವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಒಂದೊಂದಾಗಿ ಕಳಿಸುತ್ತಾರೆ. ನಡುವೆ ತಡೆಯಾಗಬಾರದೆಂದು ಪೆಟ್ಟಿಗೆಯು ಎರಡು ಮೂರು ತುಂಡುಗಳನ್ನು ಮುಂಚಿತವಾಗಿ ಕೂಡಿಟ್ಟುಕೊಂಡು ಆಮೇಲೆ ತೋರಿಸುತ್ತದೆ. ಹೀಗೆ ಇಪ್ಪತ್ತು ಮೂವತ್ತು ಸೆಕೆಂಡುಗಳ ತಡ ಸಾಮಾನ್ಯ. ಕ್ರಿಕೆಟ್ಟಿನಲ್ಲಿ ಒಂದು ಎಸೆತಕ್ಕೂ ಇನ್ನೊಂದಕ್ಕೂ ನಡುವೆ ಇರುವ ಹೊತ್ತೂ ಹೆಚ್ಚುಕಡಿಮೆ ಅಷ್ಟೇ. ಆದುದರಿಂದ ಒಂದು ಮನೆ ಇನ್ನೊಂದು ಮನೆಗಿಂತ ಸರಿಯಾಗಿ ಒಂದು ಎಸೆತ ಹಿಂದೆ ಬಿದ್ದಿರುತ್ತದೆ.

ಇದು ಯಾರ ದುರುದ್ದೇಶವೂ ಅಲ್ಲ. ಆದರೂ ನಾವು ಹೇಳಿದ ಎಲ್ಲ ಕಿರಿಕಿರಿಗಳಲ್ಲಿ ಹೆಚ್ಚು ಚಿಂತೆಗೆ ಅರ್ಹವಾದುದು ಇದೇ ಎಂದು ನಮ್ಮ ಭಾವನೆ. ಪಂದ್ಯ ನೋಡುವ ಸುಖದ ಮೂಲವೇ ಮುಂದೇನೆಂದು ತಿಳಿಯದಿರುವುದು. ಆ ಅಜ್ಞಾನವನ್ನು ನೆರೆಯವನ ಸಂತೋಷ ಕದಿಯುವಾಗ, ನಾವು ನೆರೆಯವನ ಸಂತೋಷವನ್ನೇ ದ್ವೇಷಿಸುವ ಸ್ಥಿತಿಗೆ ಬರುತ್ತೇವೆ. ಆ ರಾತ್ರಿ ನಮ್ಮ ಮನೆಯ ಹುಡುಗನೊಬ್ಬ ಎದ್ದು ಹೋಗಿ ಕಿಟಕಿಯನ್ನು ಮುಚ್ಚಿದ. ಇಡೀ ಕೇರಿ ಒಂದೇ ತಂಡ ಗೆಲ್ಲಲೆಂದು ಹಾರೈಸುತ್ತಿದ್ದಾಗ, ಆ ಗೆಲುವನ್ನು ನೋಡಲು ಕೇರಿಗೆ ಕಿಟಕಿ ಮುಚ್ಚಬೇಕಾಗಿ ಬಂದುದು ನಮಗೆ ಸಣ್ಣ ಸಂಗತಿಯಾಗಿ ಕಾಣಲಿಲ್ಲ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಕಿರಿಕಿರಿಗಳು ಮೂರು ಬಗೆಯವೆಂದು ಕಂಡುಬರುತ್ತದೆ: ಪ್ರಕೃತಿಯಿಂದ ಬಂದವು, ಯಂತ್ರದಿಂದ ಬಂದವು, ಒಪ್ಪಂದ ಮತ್ತು ಕಾಯಿದೆಗಳಿಂದ ಬಂದವು. ಮಳೆಯನ್ನು ಸಹಿಸಬೇಕು. ಯಂತ್ರದ ತಡವನ್ನು ಯಂತ್ರಶಾಸ್ತ್ರಜ್ಞರು ಕ್ರಮೇಣ ಕುಗ್ಗಿಸಿಯಾರು. ಮೂರನೆಯ ಬಗೆಯವು ಮನುಷ್ಯರು ಬರೆದವು, ಮನುಷ್ಯರು ತಿದ್ದಬಹುದಾದವು. 2007ರ ಕಾಯಿದೆಯನ್ನು ಎಂದಾದರೂ ಪರಿಷ್ಕರಿಸುವುದಾದರೆ, ಅದರ ಉದ್ದೇಶವಾಕ್ಯದಲ್ಲಿ ಬರುವ “ಅತಿ ಹೆಚ್ಚಿನ ಸಂಖ್ಯೆಯ ಜನ”ರಲ್ಲಿ ಕೇಬಲ್ ಮನೆಯವರೂ ಸೇರಿದ್ದಾರೆಯೇ ಎಂಬುದನ್ನು ಸ್ಪಷ್ಟಪಡಿಸುವುದು ಯುಕ್ತ.

ಇನ್ನು ಯಜಮಾನರ ಮಾತು. ಹಿಂದಿನ ಕಾಲದಲ್ಲಿ ನೋಡುವವನಿಗೆ ಹೆಚ್ಚು ಸುಖವಿತ್ತೆಂಬುದು ನಿಲ್ಲತಕ್ಕ ವಾದವಲ್ಲ. ಆಗ ನೋಡುವುದೇ ಇರಲಿಲ್ಲ. ಕೇರಿ ಒಟ್ಟಿಗೆ ಕೂಗುತ್ತಿತ್ತೆಂಬುದು ಮಾತ್ರ ನಿಜ. ಒಂದೊಂದು ಕಿರಿಕಿರಿಗೂ ಕಂಡುಕೊಂಡ ಪರಿಹಾರ ಮುಂದಿನ ಕಿರಿಕಿರಿಯ ಬೀಜವಾಗಿದೆ. ಏಕಸ್ವಾಮ್ಯ ತೊಲಗಿ ಹರಾಜು ಬಂದಿತು. ಹರಾಜಿಗೆ ಮಿತಿ ಹಾಕಿದ ಕಾಯಿದೆ ಮನೆಗಳನ್ನು ವಿಂಗಡಿಸಿತು. ಎಲ್ಲರ ಕೈಗೂ ತೆರೆ ಬಂದು ಎಲ್ಲರ ಕ್ಷಣವೂ ಬೇರೆಯಾಯಿತು.

ಕಡೆಯದಾಗಿ ಒಂದು ವಿಜ್ಞಾಪನೆ. ಚೆಪಾಕಿನ 97 ರನ್ನುಗಳನ್ನು ಬಾನುಲಿಯಲ್ಲಿ ಕೇಳಿದವರು ಶಿವಮೊಗ್ಗ, ಭದ್ರಾವತಿಗಳಲ್ಲಿ ಇನ್ನೂ ಇದ್ದಾರೆ; ಅವರ ವಯಸ್ಸು ಎಪ್ಪತ್ತರ ಆಸುಪಾಸು, ಇಲ್ಲವೆ ಅದಕ್ಕೂ ಮೇಲೆ. ಯಾವ ಅಂಗಡಿಯ ಮುಂದೆ ನಿಂತು ಕೇಳಿದರು, ಯಾರ ಮನೆಯ ಪೆಟ್ಟಿಗೆ, ಮೂರು ರನ್ನು ಉಳಿದಾಗ ಕೊನೆಯ ವಿಕೆಟ್ಟು ಬಿದ್ದುದನ್ನು ಕೇಳಿ ಕೇರಿ ಏನೆಂದಿತು — ಇವು ಯಾವ ಕಡತದಲ್ಲಿಯೂ ಇಲ್ಲ. ತೆರೆಗೆ ಬಾರದ ಆ ಆಟಕ್ಕೆ ಉಳಿದಿರುವ ಪ್ರಸಾರ ಅವರ ನೆನಪೊಂದೇ. ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ತಮ್ಮ ತಮ್ಮ ಮನೆಯ ಹಿರಿಯರನ್ನು ಕೇಳಿ ಇಂಥ ಸಂಗತಿಗಳನ್ನು ತಾರೀಖು ಸ್ಥಳಗಳೊಡನೆ ಬರೆದು ತಂದರೆ, ಅವನ್ನು ಒಟ್ಟುಗೂಡಿಸುವ ಕೆಲಸವನ್ನು ನಾವು ಸಂತೋಷದಿಂದ ವಹಿಸಿಕೊಳ್ಳುತ್ತೇವೆ. ಮೇಲೆ ಹೇಳಿದ ಯಜಮಾನರು ತಮ್ಮದನ್ನು ಹೇಳಲು ಒಪ್ಪಿದ್ದಾರೆ; ಮೊದಲನೆಯ ಹೇಳಿಕೆ ಅವರದಾಗಿರುತ್ತದೆ.